ಉಪೇಂದ್ರಣ್ಣನ ಬೇಸು, ವಾಸಂತಕ್ಕನ ಮಿಕ್ಸಿ

ನಮ್ಮಮ್ಮನಾಣೆ, ಇದು ನಡೆದಿದ್ದೇ. ಒಂದಕ್ಷರ ಕಟ್ಟಿ ಹೇಳಿದ್ರೆ ನಾಳೆ ಬೆಳಿಗ್ಗೆ ನನ್ ನಾಲಿಗೆ ಮೇಲೆ ಹುಣ್ಣೇಳ್ಲಿ, ಉಪ್ಪಿನಕಾಯಿ ಮುಟ್ಟಕ್ಕಾಗ್ದಂಗೆ. ನಿಂತ್ಕೊಂಡ್ ಕೇಳೋ ಕಥೆ ಅಲ್ಲ ಇದು, ಕೂತ್ಕೊಳ್ಳಿ. ಆ ಕರೀ ಡಬ್ಬದ ಮೇಲೇ ಕೂತ್ಕೊಳ್ಳಿ, ಅದಕ್ಕೇನೂ ಆಗಲ್ಲ.

ಹೋದ್ಸಲ ಚಿಕ್ಕಬಾಣಾವರ ಸ್ಟೇಷನ್ನಲ್ಲಿ ಜನ ಗೂಡ್ಸ್ ಗಾಡಿ ಬಂತು ಅಂತ ಬ್ಯಾಗು ಎತ್ಕೊಂಡು ಹಿಂದಕ್ಕೆ ಸರಿದ್ರು, ಗಾಡಿ ಬರ್ಲೇ ಇಲ್ಲ, ಗೊತ್ತಲ್ಲ? ಅದು ಗಾಡಿ ಅಲ್ಲ ಸ್ವಾಮಿ. ಉಪೇಂದ್ರಣ್ಣನ ಬೇಸ್ ಗಿಟಾರು.

ಉಪೇಂದ್ರಣ್ಣ ಅಂದ್ರೆ ಪೀಣ್ಯದ ಪ್ರೆಸ್ ಶಾಪಲ್ಲಿ ಜೀವ ಸವೆಸಿ ರಿಟೈರ್ ಆದೋನು. ಪ್ರೆಸ್ ಶಾಪ್ ಅಂದ್ರೆ ತಗಡು ಒತ್ತೋ ಮಿಷನ್ನುಗಳ ಜಾಗ. ಒಂದೊಂದ್ ಮಿಷನ್ನೂ ಆನೆ ಕುಂಟೆಬಿಲ್ಲೆ ಆಡ್ದಂಗೆ ನೆಲ ಗುದ್ದುತ್ತೆ. ಅಲ್ಲಿ ಬಾಯಲ್ಲಿ ಮಾತಾಡೋ ಪದ್ಧತೀನೇ ಇಲ್ಲ, ಎಲ್ಲಾ ಕೈಸನ್ನೆ. ಅಂಗೈ ಕೆಳಕ್ಕೆ ಒತ್ತಿದ್ರೆ ಇಳಿಸು, ಮೇಲಕ್ಕೆತ್ತಿದ್ರೆ ಏರಿಸು. ಸೊಂಟದ ಹತ್ರ ಮಾಡಿದ್ರೆ ಮಿಷನ್ನಿನ ಕೆಳಗಿನ ಭಾಗ, ಎದೆ ಹತ್ರ ಮಾಡಿದ್ರೆ ನಡು, ಹಣೆ ಹತ್ರ ಮಾಡಿದ್ರೆ ಮೇಲಿನ ಭಾಗ. ಎರಡು ಬೆರಳಲ್ಲಿ ಎದೆ ತಟ್ಟಿದ್ರೆ 'ಪೀಸ್ ಓಕೆ', ಒತ್ತಿದ ತಗಡು ಸರಿಯಾಗಿ ಬಂತು ಅಂತ. ಸನ್ನೆ ಬಂತು ಅಂದ್ರೆ ಯೋಚನೆ ಮಾಡಂಗಿಲ್ಲ, ಕೈ ಓಡ್ಬೇಕು. ಯೋಚನೆ ಮಾಡ್ತಾ ನಿಂತೋರ ಬೆರಳು ಹೋಗಿವೆ ಅಲ್ಲಿ.

ಹೆಂಡ್ತಿ ವಾಸಂತಕ್ಕ ಮದುವೆಯಾದ ಹೊಸದ್ರಲ್ಲಿ ಗಂಡ ಮೂಗ ಅಂದ್ಕೊಂಡು ದೇವ್ರ ಮುಂದೆ ಕೂತು ಅತ್ತಿದ್ಳಂತೆ. ಊಟಕ್ಕೆ ಕೂತ್ರೆ ಎದೆ ಹತ್ರ ಅಂಗೈ ಎತ್ತೋನು. ಅಂದ್ರೆ ಸಾರು ಇನ್ನೊಂಚೂರು ಹಾಕು. ಸೊಂಟದ ಹತ್ರ ಒತ್ತೋನು. ಅಂದ್ರೆ ಒಲೆ ಸಣ್ಣ ಮಾಡು, ತಳ ಹಿಡಿತೈತೆ. ಆಮೇಲಾಮೇಲೆ ಅವಳೂ ಕಲಿತಳು. ಈಗ್ಲೂ ಆ ಮನೇಲಿ ಅರ್ಧ ಸಂಸಾರ ಕೈಯಲ್ಲೇ ನಡಿಯುತ್ತೆ.

ಮಗ ಋಷಿಕೇಶ್, ಸೊಸೆ ಯಾಮಿನಿ, ಇಬ್ರೂ ವೈಟ್‌ಫೀಲ್ಡ್ ಕಡೆ ಕೆಲಸ. ಯಾಮಿನಿ ವಾರದಲ್ಲಿ ಕೆಲವು ದಿನ ಮನೆಯಿಂದ್ಲೇ ಕೆಲಸ ಮಾಡ್ತಾಳೆ, ಕಿವಿಗೆ ಹೆಡ್‌ಫೋನ್ ಸಿಗಿಸ್ಕೊಂಡು ಯಾರ್ಯಾರಿಗೋ 'ಎಸ್ ಎಸ್' ಅಂತಾ ಇರ್ತಾಳೆ. ಮನೆ ಎರಡನೇ ಮಹಡಿ, ಲಿಫ್ಟಿಲ್ಲ. ಹಾಲು, ಎರಡು ರೂಮು, ಒಂದು ಅಡಿಗೆಮನೆ. ಗೋಡೆಗಳು ಅಪ್ಪಳದಷ್ಟು ದಪ್ಪ.

ಹಿಂಗಿರೋ ಮನೆಗೆ ದಸರಾ ಮುಗಿದ ವಾರ ಮುರಿಗೆಪ್ಪನ ಫೋನ್ ಬಂತು. ಮುರಿಗೆಪ್ಪ ಗದಗಿನೋನು, ಅದೇ ಫ್ಯಾಕ್ಟರಿ ಕ್ಯಾಂಟೀನಿನಲ್ಲಿದ್ದ, ಫ್ಯಾಕ್ಟರಿ ಕನ್ನಡ ಸಂಘದ ಆರ್ಕೆಸ್ಟ್ರಾದಲ್ಲಿ ಹಾಡೋನು. ಉಪೇಂದ್ರಣ್ಣ ಆಗ ಅದ್ರಲ್ಲಿ ಬೇಸ್ ಬಾರಿಸ್ತಿದ್ದ.

"ಉಪೇಂದ್ರ, ರಾಜ್ಯೋತ್ಸವಕ್ಕ ಹಳೇ ಮಂದಿ ಎಲ್ಲಾ ಕೂಡಿ ಹಾಡೂಣು ಅಂತ ಮಾಡೇವಪಾ. ಸಂಘದ ಬೇಸ್ ಆಂಪು ಇಲ್ಲೇ ಧೂಳು ತಿನ್ನಾಕತ್ತೈತಿ. ಒಯ್ದು ಪ್ರಾಕ್ಟೀಸ್ ಮಾಡು."

ಆಂಪ್ ಅಂದ್ರೆ ಗಿಟಾರಿನ ಸದ್ದು ದೊಡ್ಡದು ಮಾಡೋ ಡಬ್ಬ. ಗೋದ್ರೇಜ್ ಬೀರು ಅಡ್ಡ ಮಲಗಿಸ್ದಂಗಿತ್ತು. ಅದನ್ನ ಮೆಟ್ಟಿಲು ಹತ್ತಿಸೋ ಹೊತ್ತಿಗೆ ಋಷಿಕೇಶನ ಬೆನ್ನು ಹಿಡ್ಕೊಂತು, ಗೋಡೆ ಸುಣ್ಣ ಕಿತ್ತೋಯ್ತು, ಕೆಳಗಿನ ಮನೆ ನಾಯಿ ಊರು ಬಿಟ್ಟೋಯ್ತು. ಡಬ್ಬದ ಮೂತಿ ಮೇಲೆ ವಾಲ್ಯೂಮಿನ ಪಕ್ಕ ಮೂರು ನಾಬು. ಕೆಳಗಿನ ಗುಂ ಸದ್ದಿಗೆ ಬೇಸು, ನಡುವಿನ ಸದ್ದಿಗೆ ಮಿಡ್ಡು, ಮೇಲಿನ ಕಿಣಿಕಿಣಿಗೆ ಟ್ರೆಬಲ್ಲು.

ಉಪೇಂದ್ರಣ್ಣ ಏನ್ ಮಾಡ್ದ? ಬೇಸು ಪೂರ್ತಿ. ಟ್ರೆಬಲ್ಲು ಪೂರ್ತಿ. ಮಿಡ್ಡು ಸೊನ್ನೆ. ತನ್ನ ಹಳೇ ಗಿಟಾರಿನ ವೈರು ಸಿಗಿಸಿ ಒಂದೇ ಒಂದು ತಂತಿ ಎಳೆದ ನೋಡಿ.

ಅಡಿಗೆಮನೆ ಶೆಲ್ಫ್ ಮೇಲಿದ್ದ ಸ್ಟೀಲ್ ಡಬ್ಬಗಳೆಲ್ಲ ಝಂ ಅಂದ್ವು. ಸಾಂಬಾರ್ ಪುಡಿ ಡಬ್ಬ ನಡ್ಕೊಂಡು ಹೋಗಿ ಅರಿಶಿನದ ಡಬ್ಬದ ಪಕ್ಕ ನಿಂತ್ಕೊಂತು. ಗೋಡೆ ಮೇಲಿದ್ದ ಹಲ್ಲಿ ಪೊತ್ತಂತ ಬಿದ್ದು, ತಲೆ ಕೊಡವ್ಕೊಂಡು, ಬೇರೆ ಮನೆ ನೋಡಕ್ಕೆ ಹೋಯ್ತು.

"ರೀ! ಭೂಮಿ ನಡುಗ್ತೈತೆ!" ವಾಸಂತಕ್ಕ ಸೌಟು ಹಿಡ್ಕೊಂಡು ಓಡ್ಬಂದ್ಳು.

"ಎದೆಗೆ ಬಡಿತಾ?" ಉಪೇಂದ್ರಣ್ಣ ಕಣ್ಣರಳಿಸಿ ಕೇಳ್ದ. "ಬೇಸ್ ಅಂದ್ರೆ ಎದೆಗೆ ಬಡಿಬೇಕು ಕಣೇ."

"ಎದೆಗಲ್ಲ, ಹೊಟ್ಟೇಗೆ ಬಡಿತು. ಬಾಣಂತಿ ಇದ್ದಿದ್ರೆ ಹಾಲು ಮೊಸರಾಗೋದು!"

ಯಾಮಿನಿ ರೂಮಿಂದ ತಲೆ ಹಾಕಿದ್ಳು. "ಮಾವ, ನಮ್ಮ ಟೀಮ್ ಲೀಡು ಕೇಳ್ತಾ ಇದಾರೆ, ನಾನು ಬಿಲ್ಡಿಂಗ್ ಒಡಿಯೋ ಕಡೆ ಕೂತಿದೀನಾ ಅಂತ. ಗುಂ ಅನ್ನೋದಿರ್ಲಿ, ಆ ತಂತಿ ಕಟಕಟ ಅನ್ನೋದು ತಲೆಗೆ ಮೊಳೆ ಹೊಡ್ದಂಗಾಗುತ್ತೆ."

"ಯಾವ ಕಟಕಟ? ಕಟಕಟಾನೇ ಇಲ್ವಲ್ಲಮ್ಮ!"

ಅವತ್ತಿಂದ ಆ ಮನೇಲಿ ಯಾರೂ ನೆಟ್ಟಗೆ ಕೂರ್ಲಿಲ್ಲ. ವಾಸಂತಕ್ಕ ಹೊತ್ತು ಹೊತ್ತಿಗೂ ಡಬ್ಬಗಳ ಕೆಳಗೆ ಹಳೇ ಸೀರೆ ಚೂರು ಸಿಗಿಸೋದು. ಯಾಮಿನಿ ಲ್ಯಾಪ್‌ಟಾಪ್ ಎತ್ಕೊಂಡು ರೂಮಿಂದ ಟೆರೇಸಿಗೆ, ಟೆರೇಸಿಂದ ಮೆಟ್ಟಿಲಿಗೆ. ಋಷಿಕೇಶ ಬಂದೋನೇ ಶೂ ಬಿಚ್ಚೋಕೆ ಮುಂಚೆ ಜಗಳ.

"ಅಪ್ಪ, ಮಿಡ್ ಏರಿಸ್ಬೇಕಂತೆ. ಯೂಟ್ಯೂಬಲ್ಲಿ ಹೇಳ್ತಾರೆ."

"ಯೂಟ್ಯೂಬು ಎಷ್ಟು ವರ್ಷ ಬೇಸ್ ಬಾರ್ಸೈತೆ?"

"ನೀವು ಮುಟ್ಟಿ ಎಷ್ಟು ವರ್ಷ ಆಯ್ತು?"

"ಊಟ ಮಾಡೋ, ಮುದ್ದೆ ಆರೋಗುತ್ತೆ," ಅಂತ ವಾಸಂತಕ್ಕ ನಡುವೆ ಬಸ್ಸಾರು ಹುಯ್ದಳು. ಇಬ್ರಿಗೂ ಬೇಕಾದ್ದಕ್ಕಿಂತ ಜಾಸ್ತೀನೇ ಹುಯ್ದಳು, ಬಾಯಿ ಮುಚ್ಲಿ ಅಂತ.

ಒಂದು ದಿನ ಬೆಳಿಗ್ಗೆ ಉಪೇಂದ್ರಣ್ಣ ಸೊಪ್ಪು ತರಕ್ಕೆ ಹೋಗಿದ್ದ. ವಾಸಂತಕ್ಕ ಧೂಳು ಹೊಡಿಯೋ ನೆಪದಲ್ಲಿ ಬಟ್ಟೆ ಹಿಡ್ಕೊಂಡು ಹೋಗಿ ಬೇಸ್ ನಾಬನ್ನ ಅರ್ಧಕ್ಕಿಂತ ಕೆಳಗಿಳಿಸಿ ಬಂದ್ಳು. ಯಾಮಿನಿ ಕಾಫಿ ಲೋಟ ಇಡೋ ನೆಪದಲ್ಲಿ ಹೋಗಿ ಟ್ರೆಬಲ್ ಇಳಿಸಿ ಬಂದ್ಳು. ಋಷಿಕೇಶ ಸಾಕ್ಸ್ ಹುಡುಕೋ ನೆಪದಲ್ಲಿ ಹೋಗಿ ಮಿಡ್ ಏರಿಸಿ ಬಂದ. ಒಬ್ರು ಮಾಡಿದ್ದು ಇನ್ನೊಬ್ರಿಗೆ ಗೊತ್ತಿಲ್ಲ. ಮೂವರೂ ತಿಂಡಿಗೆ ಕೂತ್ಕೊಂಡು ಚಿತ್ರಾನ್ನ ತಿಂತಾ ಇದ್ದಿದ್ದು ನೋಡ್ಬೇಕಿತ್ತು, ಮೂವರ ಮುಖಾನೂ ಆಗ ತಾನೇ ಗುಡಿಯಿಂದ ಬಂದಂಗೆ.

ಉಪೇಂದ್ರಣ್ಣ ಬಂದ, ಸೊಪ್ಪು ಎಸೆದ, ಗಿಟಾರ್ ಎತ್ತಿದ, ಬಾರ್ಸಿದ.

"ಯಾವನೋ ನನ್ ಆಂಪಿಗೆ ನೆಗಡಿ ತರ್ಸಿದೋನು? ಮೂಗಲ್ಲಿ ಮಾತಾಡ್ತೈತೆ! ನೆಗಡಿ ಆಗಿರೋ ಎಮ್ಮೆ ಇದ್ದಂಗೈತೆ!"

ಆದ್ರೆ ಅದೇ ಹೊತ್ತಿಗೆ ವಾಸಂತಕ್ಕ ಚಟ್ನಿಗೆ ಮಿಕ್ಸಿ ಹಾಕಿದ್ಳು. ಅವಳ ಮಿಕ್ಸಿ ಗೊತ್ತಲ್ಲ, ಆನ್ ಮಾಡಿದ್ರೆ ಮೇಲೆ ಹೋಗೋ ವಿಮಾನದೋರು ಕೆಳಗೆ ಬಗ್ಗಿ ನೋಡ್ತಾರೆ. ಆ ಗರ್ರೋ ಅನ್ನೋದ್ರ ಒಳಗಿಂದ ಗಂಡನ ಬೇಸು ಒಂದೊಂದು ಸ್ವರ ಬಿಡಿಸಿಟ್ಟಂಗೆ ಕೇಳ್ತು. ಅವಳ ಮದುವೆ ಆರತಕ್ಷತೇಲಿ ಸಂಘದೋರು ಬಾರಿಸಿದ್ರಲ್ಲ, ಅದೇ ಹಾಡು ಅಂತ ಗೊತ್ತಾಗೋಯ್ತು. ಮಿಕ್ಸಿ ನಿಲ್ಸೋದ್ನೇ ಮರ್ತಳು. ಚಟ್ನಿ ನೀರಾಯ್ತು.

ಮಿಕ್ಸಿ ನಿಲ್ಸೋ ಹೊತ್ತಿಗೆ ಉಪೇಂದ್ರಣ್ಣ ಮೂರು ನಾಬನ್ನೂ ಮೊದ್ಲಿದ್ದಂಗೇ ತಿರುಗ್ಸಿಬಿಟ್ಟಿದ್ದ. ಅವಳು ಮತ್ತೆ ಮಿಕ್ಸಿ ಹಾಕಿ ನೋಡಿದ್ಳು. ಡಬ್ಬಗಳು ಅಲ್ಲಾಡ್ತಿದ್ವು ಅಷ್ಟೇ. ಹಾಡು ಎಲ್ಲೂ ಇಲ್ಲ.

"ರೀ, ಆಗ್ಲೇ ಇದ್ದಂಗೇ ಚೆನ್ನಾಗಿತ್ತು ಕಣ್ರೀ. ಮಿಕ್ಸಿ ಒಳಗಿಂದ್ಲೂ ಕೇಳ್ತಿತ್ತು."

"ನಾನೇನು ಚಟ್ನಿಗೆ ಬಾರಿಸ್ತೀನಾ?"

ಭಾನುವಾರ ಪ್ರಾಕ್ಟೀಸು. ಮುರಿಗೆಪ್ಪ ಒಂದು ಕಲ್ಯಾಣಮಂಟಪದ ಊಟದ ಹಾಲ್ ಬುಕ್ ಮಾಡಿದ್ದ. ಆ ಡಬ್ಬಾನ ಹೊತ್ಕೊಂಡು ಹೋದ್ರು. ಸಂಜೆ ಉಪೇಂದ್ರಣ್ಣ ವಾಪಸ್ ಬಂದು ಚಪ್ಪಲೀನೂ ಬಿಚ್ಚದೆ ಸೋಫಾದಲ್ಲಿ ಕೂತ.

"ಏನಾಯ್ತ್ರೀ?"

"ಡ್ರಮ್ಮು, ಕೀಬೋರ್ಡು ಶುರುವಾದ ತಕ್ಷಣ ನಾನು ಇರೋದೇ ಯಾರಿಗೂ ಗೊತ್ತಾಗಲ್ವಂತೆ. ಮುರಿಗೆಪ್ಪ ಏನಂದ ಗೊತ್ತಾ? 'ಉಪೇಂದ್ರ, ನಿನ್ನ ಬೇಸು ಬರೇ ಕುರ್ಚಿ ಅಲ್ಲಾಡಸ್ತೈತಿ, ಹಾಡಿಗೆ ಬರಂಗಿಲ್ಲ. ಹಿಂಗೇ ಆದ್ರ ಸಿದ್ದರಾಜು ಎಡಗೈಲೇ ಬಾರಿಸ್ತಾನ' ಅಂದ."

ಸಿದ್ದರಾಜು ಅಂದ್ರೆ ಕೀಬೋರ್ಡಿನೋನು. ಆರ್ಕೆಸ್ಟ್ರಾದಲ್ಲಿ ಬೇಸಿನೋನು ಇಲ್ಲದಿದ್ರೆ ಕೀಬೋರ್ಡಿನೋನೇ ಎಡಗೈಯಲ್ಲಿ ಆ ಕೆಲಸ ಮುಗಿಸಿಬಿಡ್ತಾನೆ.

"ಒಬ್ಬ ಮನುಷ್ಯ ಪೂರ್ತಿ ಬೇಡ ಕಣೇ ಅವ್ರಿಗೆ," ಅಂದ ಉಪೇಂದ್ರಣ್ಣ. "ಇನ್ನೊಬ್ಬನ ಎಡಗೈ ಸಾಕು."

ಅವತ್ತು ರಾತ್ರಿ ಊಟಕ್ಕೆ ಕರೆದ್ರೆ ಹಣೆ ಹತ್ರ ಅಂಗೈ ಆಡಿಸ್ದ. ಬೇಡ ಅಂತ. ಆ ಸನ್ನೆ ವಾಸಂತಕ್ಕ ಯಾವತ್ತೂ ನೋಡಿರ್ಲಿಲ್ಲ, ಅವ್ನೇ ಹೊಸದಾಗಿ ಮಾಡ್ಕೊಂಡಿದ್ದು.

ಮುಂದಿನ ವಾರ ಅವನು ಇನ್ನೂ ಜೋರು ಮಾಡ್ದ. ಕೇಳಲ್ಲ ಅಂದ್ರೆ ಜೋರು ಮಾಡ್ಬೇಕು, ಅವನ ಲೆಕ್ಕ ಅಷ್ಟೇ. ಟ್ಯಾಂಕಿನ ನೀರು ಕುದಿಯೋ ಎಸರಿನಂಗೆ ಕುಣೀತು. ಯಾಮಿನಿ ಸೂಟ್‌ಕೇಸ್ ಇಳಿಸಿ ಧೂಳು ಒರೆಸಿದ್ಳು, ಅದೇ ವಾಸಂತಕ್ಕನಿಗೆ ದಿಗಿಲಾಗಿದ್ದು. ಬಟ್ಟೆ ಒಣಹಾಕೋವಾಗ ಋಷಿಕೇಶ ಹತ್ರ ಬಂದು ನಿಂತ. ಒಂದು ಕ್ಲಿಪ್ಪು ತೆಗೆದು ಕೊಟ್ಟ, ಇನ್ನೊಂದು ಕೊಟ್ಟ.

"ಅಮ್ಮ, ನಾವು ವೈಟ್‌ಫೀಲ್ಡ್ ಹತ್ರ ಮನೆ ನೋಡ್ತಾ ಇದೀವಿ."

"ಆಂಪಿಗೋಸ್ಕರ ಮನೆ ಬಿಡ್ತೀರೇನೋ?"

"ಅವಳ ಕೆಲಸ ಹೋಗುತ್ತಮ್ಮ. ಅಪ್ಪನಿಗೆ ಹೇಳಿದ್ರೆ ಕಿವಿಗೇ ಹಾಕ್ಕೊಳಲ್ಲ."

ವಾಸಂತಕ್ಕ ಒದ್ದೆ ಪಂಚೆ ಕೈಯಲ್ಲೇ ಹಿಡ್ಕೊಂಡು ನಿಂತ್ಳು. ಆಂಪ್ ವಾಪಸ್ ಕಳ್ಸಿದ್ರೆ ಗಂಡ ಸೋಫಾದಲ್ಲಿ ಚಪ್ಪಲಿ ಹಾಕ್ಕೊಂಡೇ ಕೂತಿರ್ತಾನೆ, ಸಾಯೋತನಕ. ಇಟ್ಕೊಂಡ್ರೆ ಮಗ-ಸೊಸೆ ಸಾಮಾನು ಕಟ್ತಾರೆ.

ಆ ಶುಕ್ರವಾರ ಅವಳು ಬೇಳೆಗೆ ಕುಕ್ಕರ್ ಇಟ್ಟು, ಕೆಳಗೆ ಗಿರಣಿಗೆ ರಾಗಿ ಒಯ್ದಳು. ಉಪೇಂದ್ರಣ್ಣ ಡೈನಿಂಗ್ ಟೇಬಲ್ ಹತ್ರ ಸೊಪ್ಪು ಬಿಡಿಸ್ತಾ ಕೂತಿದ್ದ, ಗಿಟಾರ್ ಕೂಡ ಮುಟ್ಟಿರ್ಲಿಲ್ಲ.

"ರೀ, ಮೂರು ಸಲ ಕೂಗಿದ ತಕ್ಷಣ ಆಫ್ ಮಾಡಿ."

"ಆಯ್ತು ಹೋಗೇ."

ವಾಪಸ್ ಬರೋ ಹೊತ್ತಿಗೆ ಮೆಟ್ಟಿಲಲ್ಲೇ ಸೀದ ವಾಸನೆ. ಬೇಳೆ ಇದ್ದಿಲಾಗಿತ್ತು. ಯಾಮಿನಿ ಮೂಗು ಮುಚ್ಕೊಂಡು ರೂಮಿಂದ ಓಡ್ಬಂದು ಗ್ಯಾಸ್ ಆಫ್ ಮಾಡಿದ್ಳು. ಉಪೇಂದ್ರಣ್ಣ ಇನ್ನೂ ಸೊಪ್ಪು ಬಿಡಿಸ್ತಾನೇ ಇದ್ದ, ನಿಧಾನಕ್ಕೆ ತಲೆ ಎತ್ತಿದ.

"ಆಫ್ ಮಾಡಿ ಅಂದಿರ್ಲಿಲ್ವಾ?"

"ಕೂಗ್ಲೇ ಇಲ್ವಲ್ಲೇ. ಕಾಯ್ತಾನೇ ಇದೀನಿ."

"ಮಾವ," ಅಂದ್ಳು ಯಾಮಿನಿ, "ಆಗ್ಲಿಂದ ಕೂಗ್ತಾನೇ ಇತ್ತು. ನಾನು ಕಾಲ್‌ನಲ್ಲಿದ್ದೆ. ನೀವು ಪಕ್ಕದಲ್ಲೇ ಇದೀರಲ್ಲ, ಮಾಡ್ತೀರ ಅಂದ್ಕೊಂಡೆ."

ಉಪೇಂದ್ರಣ್ಣ ಒಂದು ಎಳೆ ಸೊಪ್ಪನ್ನ ಆ ಕಡೆ ಈ ಕಡೆ ತಿರುಗಿಸ್ತಾ ಇದ್ದ.

"ಪ್ರೆಸ್ ಶಾಪಿನೋರಿಗೆಲ್ಲ ಹಂಗೇ," ಅಂದ ಕೊನೆಗೆ. "ಸಣ್ಣ ಸದ್ದು ಹೋಗ್ಬಿಡುತ್ತೆ. ವಿಷಲ್ಲು, ಗೆಜ್ಜೆ, ಹಕ್ಕಿ... ಗುಂ ಅನ್ನೋದೊಂದು ಗೊತ್ತಾಗುತ್ತೆ. ಅದೂ ಕಿವಿಗಲ್ಲ, ಎದೆಗೆ."

"ಅಂದ್ರೆ ಆ ಕಟಕಟ..." ಯಾಮಿನಿ ನಿಲ್ಸಿದ್ಳು.

"ನಿಜವಾಗ್ಲೂ ಕೇಳಲ್ಲಮ್ಮ. ನೀನು ಸುಮ್ನೆ ಹೇಳ್ತೀಯ ಅಂದ್ಕೊಂಡಿದ್ದೆ."

"ಇಷ್ಟು ದಿನ ಬಾಯಿ ಬಿಡಕ್ಕೇನಾಗಿತ್ರೀ ನಿಮ್ಗೆ?" ವಾಸಂತಕ್ಕ ಕುಕ್ಕರನ್ನ ಸಿಂಕಿಗೆ ದಬಾರಂತ ಹಾಕಿದ್ಳು. "ಇದು ಕೇಳ್ತಾ?"

"ಇದು ಕೇಳ್ತು."

ಸಂಜೆ ಋಷಿಕೇಶ ಬಂದು, ಸೀದ ಬೇಳೆ ಕಥೆ ಕೇಳಿ, ಫೋನಲ್ಲಿ ಡಾಕ್ಟ್ರ ನಂಬರ್ ಹುಡುಕ್ದ. ಆಮೇಲೆ, "ಅಪ್ಪ, ಸೋಮವಾರ ಕಿವಿ ಡಾಕ್ಟ್ರ ಹತ್ರ ಹೋಗೋಣ," ಅಂದ.

"ಪ್ರೋಗ್ರಾಮ್ ಮುಗೀಲಿ."

"ಹಾಗಾದ್ರೆ ನಾಬ್ ನಾವು ಹೇಳ್ದಂಗಿಡಿ."

"ನಿಮ್ಮ ಕಿವಿ ತಗೊಂಡು ನಾನು ಬಾರಿಸ್ಲಾ? ಅದು ನಂಗೆ ಮೂಗಲ್ಲಿ ಮಾತಾಡ್ದಂಗೇ ಕೇಳುತ್ತೆ ಕಣೋ. ನಂಗೇ ಗೊತ್ತಾಗ್ದೇ ಇರೋದು ಜನಕ್ಕೆ ಸರಿ ಐತೆ ಅಂತ ಹೆಂಗೆ ನಂಬ್ಲಿ?"

ಹಿಂಗೇ ಎಳೆದಾಡ್ತಾ ಎಳೆದಾಡ್ತಾ ರಾಜ್ಯೋತ್ಸವ ಬಂದೇ ಬಿಡ್ತು.

ಬೀದಿ ತುಂಬಾ ಹಳದಿ ಕೆಂಪು ಬಾವುಟ, ರೋಡಿಗೆ ಅಡ್ಡ ಸ್ಟೇಜು, ಪ್ಲಾಸ್ಟಿಕ್ ಕುರ್ಚಿ. ಮನೆಯಿಂದ ಹೊರಡೋವಾಗ ವಾಸಂತಕ್ಕ, ಅವತ್ತು ಯಾರ್ಯಾರು ಯಾವ ನಾಬು ತಿರುಗಿಸಿದ್ರು ಅಂತ ಮಗ-ಸೊಸೆ ಬಾಯಿ ಬಿಡಿಸಿ, ತಾನೇ ನಿಂತು ಮೂರು ನಾಬನ್ನೂ ಮಿಕ್ಸಿ ಹಾಕಿದ ಆ ಬೆಳಿಗ್ಗೆ ಇದ್ದಂಗೇ ಇಟ್ಟು ಕಳ್ಸಿದ್ಳು. ಉಪೇಂದ್ರಣ್ಣನೂ ಹೂಂ ಅಂದ. ಸ್ಟೇಜ್ ಹತ್ತಿದ, ಒಂದು ತಂತಿ ಎಳೆದ, ಮುಖ ಕಿವುಚಿದ. ಆ ಕಡೆ ಈ ಕಡೆ ನೋಡಿ, ಬೇಸು ಪೂರ್ತಿ, ಟ್ರೆಬಲ್ಲು ಪೂರ್ತಿ, ಮಿಡ್ಡು ಸೊನ್ನೆ ಮಾಡ್ಬಿಟ್ಟ.

"ಅಯ್ಯೋ ಅತ್ತೆ, ತಿರುಗ್ಸಿಬಿಟ್ರು," ಅಂದ್ಳು ಯಾಮಿನಿ.

ನಾಡಿನ ಹಾಡು ಶುರುವಾಯ್ತು. ಮೊದಲನೇ ಸಾಲಿನೋರ ಕುರ್ಚಿ ಅಲ್ಲಾಡ್ತು. ಬಜ್ಜಿ ಗಾಡಿ ಎಣ್ಣೇಲಿ ಅಲೆ ಎದ್ದು ಮೆಣಸಿನಕಾಯಿ ಬಜ್ಜಿ ತಾನಾಗೇ ಮಗ್ಚಿಕೊಂತು. ಆದ್ರೆ ಹಾಡಲ್ಲಿ ಬೇಸು? ಇಲ್ಲ. ಮುರಿಗೆಪ್ಪ ಹಾಡ್ತಾ ಹಾಡ್ತಾನೇ ಸಿದ್ದರಾಜು ಕಡೆ ಒಂದು ಸಲ ನೋಡ್ದ. ಸಿದ್ದರಾಜುವಿನ ಎಡಗೈ ಮೆಲ್ಲಗೆ, ಬೆಕ್ಕು ಹಾಲಿನ ಪಾತ್ರೆ ಕಡೆ ಹೋದಂಗೆ, ಕೀಬೋರ್ಡಿನ ಕೆಳಗಿನ ಕಡೆ ಜಾರ್ತಾ ಬಂತು.

ವಾಸಂತಕ್ಕ ಸೆರಗು ಸೊಂಟಕ್ಕೆ ಸಿಗಿಸಿದ್ಳು, ಕುರ್ಚಿ ಹತ್ತಿ ನಿಂತ್ಳು.

"ಅಮ್ಮ, ಬೀಳ್ತೀಯ!"

"ಕಾಲು ಹಿಡ್ಕೊಳ್ಳೋ ಗಟ್ಟಿಯಾಗಿ. ಯಾಮಿನಿ, ನೀನು ಆ ಕಡೆ."

ಮಗ ಒಂದು ಕಾಲು, ಸೊಸೆ ಒಂದು ಕಾಲು. ಹಿಂದೆ ಕೂತಿದ್ದೋರು, "ಅಮ್ಮಾ ಇಳೀರೀ, ಕಾಣ್ತಿಲ್ಲ!" ಅಂತ ಕೂಗಿದ್ರು. ಅವಳು ಎರಡೂ ಕೈ ಮೇಲೆತ್ತಿ ಜೋರಾಗಿ ಬೀಸಿದ್ಳು. ಪ್ರೆಸ್ ಶಾಪಲ್ಲಿ ಅಪಾಯ ಅಂದ್ರೆ ಹಿಂಗೇ ಬೀಸೋದು. ಉಪೇಂದ್ರಣ್ಣನ ಕಣ್ಣು ಸಟ್ಟಂತ ಅವಳ ಮೇಲೆ ಬಿತ್ತು.

ಸೊಂಟದ ಹತ್ರ ಅಂಗೈ ಕೆಳಕ್ಕೆ ಒತ್ತಿದ್ಳು.

ಅವನ ಕೈ ಬೇಸ್ ನಾಬಿಗೆ ಹೋಗೇ ಬಿಡ್ತು. ಇಳಿಸ್ದ. ಯೋಚನೆ ಮಾಡ್ಲಿಲ್ಲ ನೋಡಿ, ಎಲ್ಲಿ ಮಾಡ್ತಾನೆ, ಅಷ್ಟು ವರ್ಷ ಬೆರಳು ಉಳಿಸ್ಕೊಂಡಿದ್ದೇ ಹಂಗೆ. ಅವಳು ಹಣೆ ಹತ್ರ ಒತ್ತಿದ್ಳು, ಟ್ರೆಬಲ್ಲು ಇಳೀತು. ಎದೆ ಹತ್ರ ಅಂಗೈ ಮೇಲಕ್ಕೆತ್ತಿದ್ಳು. ಮಿಡ್ಡು ಏರ್ತು. ಇನ್ನೂ ಎತ್ತಿದ್ಳು. ಇನ್ನೂ ಏರ್ತು. ಸಾಕು ಅಂತ ಮುಷ್ಟಿ ಹಿಡಿದ್ಳು.

ಆಮೇಲೆ ಬಾರ್ಸಿದ.

ಡ್ರಮ್ಮಿನ ಕೆಳಗಿಂದ, ಕೀಬೋರ್ಡಿನ ಪಕ್ಕದಿಂದ, ದುಂಡುದುಂಡಗೆ, ಹಾಗಲಕಾಯಿ ಬಳ್ಳಿಗೆ ಚಪ್ಪರ ಸಿಕ್ದಂಗೆ ಬಂತು ಬೇಸು. ಹಿಂದಿನ ಸಾಲಿನೋರು ಕೂಗೋದು ನಿಲ್ಸಿದ್ರು. ಬಜ್ಜಿ ಗಾಡಿಯೋನು ಸೌಟಲ್ಲಿ ತಾಳ ಹಾಕ್ದ. ಮುರಿಗೆಪ್ಪ ಹಾಡು ಬಿಡದೇ ಹಿಂದಕ್ಕೆ ತಿರುಗಿ ನೋಡ್ದ, ಯಾವನೋ ಹೊಸಬ ಬಂದು ನಿಂತವನೆ ಅನ್ನೋಂಗೆ. ಸಿದ್ದರಾಜುವಿನ ಎಡಗೈ ವಾಪಸ್ ತೊಡೆ ಮೇಲೆ ಕೂತ್ಕೊಂತು.

ಉಪೇಂದ್ರಣ್ಣನ ಮುಖ ಮಾತ್ರ ಕಿವುಚ್ಕೊಂಡೇ ಇತ್ತು. ಅವನಿಗೆ ಕೇಳ್ತಾ ಇದ್ದಿದ್ದು ಅದೇ ನೆಗಡಿ ಎಮ್ಮೆ. ಚೆನ್ನಾಗಿದೆಯೋ ಕೆಟ್ಟಿದೆಯೋ ಅವನಿಗೆ ಗೊತ್ತಾಗೋ ದಾರೀನೇ ಇರ್ಲಿಲ್ಲ. ಬಾರಿಸ್ತಾ ಬಾರಿಸ್ತಾ ಅವಳನ್ನೇ ನೋಡ್ತಾ ನಿಂತ.

ವಾಸಂತಕ್ಕ ಸ್ವಲ್ಪ ಹೊತ್ತು ಕಾಯಿಸಿದ್ಳು. ಸೀದ ಬೇಳೆಗೆ, ನೀರಾದ ಚಟ್ನಿಗೆ, ನಡ್ಕೊಂಡು ಹೋದ ಸಾಂಬಾರ್ ಪುಡಿ ಡಬ್ಬಕ್ಕೆ. ಆಮೇಲೆ ಎರಡು ಬೆರಳಲ್ಲಿ ಎದೆ ತಟ್ಟಿದ್ಳು.

ಪೀಸ್ ಓಕೆ.

ಅವನ ಮುಖ ಸಡ್ಲಾಯ್ತು. ಆ ರಾತ್ರಿ ಪೂರ್ತಿ ಅವನು ನಾಬಿನ ಕಡೆ ತಿರುಗೀನೂ ನೋಡ್ಲಿಲ್ಲ.

ಮಾರನೇ ದಿನ ಯಾಮಿನಿ ಉಗುರಿಗೆ ಹಚ್ಚೋ ಕೆಂಪು ಬಣ್ಣ ತಗೊಂಡು ಮೂರು ನಾಬಿನ ಮುಂದೂ ಒಂದೊಂದು ಚುಕ್ಕೆ ಇಟ್ಳು. "ಮಾವ, ಈ ಚುಕ್ಕೆ ದಾಟಿದ್ರೆ ನಾವು ವೈಟ್‌ಫೀಲ್ಡಿಗೆ. ಮೀಟಿಂಗ್ ಇರೋವಾಗ ಬಾರಿಸಂಗಿಲ್ಲ. ಸೋಮವಾರ ಡಾಕ್ಟ್ರು."

"ಆಮೇಲೆ ಹೋಗಲ್ಲ ತಾನೇ ನೀವು?"

"ಸಂಕ್ರಾಂತಿವರ್ಗೂ ಇರ್ತೀವಿ, ಆಮೇಲೆ ನೋಡೋಣ," ಅಂದ ಋಷಿಕೇಶ.

ಉಪೇಂದ್ರಣ್ಣ ತಟ್ಟೆ ಮುಂದೆ ಕೂತ. ಎದೆ ತಟ್ಟಿ, ಅದೇ ಕೈಯನ್ನ ಎದೆ ಹತ್ರ ಮೇಲಕ್ಕೆತ್ತಿದ. ವಾಸಂತಕ್ಕ ಸಾರು ಬಡಿಸಿದ್ಳು.

ಸಂಕ್ರಾಂತಿ ಆಗಿ ಎಷ್ಟು ದಿನ ಆಯ್ತು, ಇನ್ನೂ ನೋಡ್ತಾನೇ ಇದಾರೆ.

ನಂಬಿಕೆ ಬರ್ಲಿಲ್ವಾ? ನಿಮ್ ಮುಖ ನೋಡಿದ್ರೇ ಗೊತ್ತಾಗುತ್ತೆ. ಹಂಗಾದ್ರೆ ಎದ್ದೇಳಿ, ನೀವು ಆಗ್ಲಿಂದ ಕೂತಿರೋ ಡಬ್ಬದ ಮೂತಿ ಬಗ್ಗಿ ನೋಡಿ. ಕಾಣ್ತಾ ಮೂರು ಕೆಂಪು ಚುಕ್ಕೆ? ಕಂಡ್ತಲ್ಲ. ನಿನ್ನೆ ಇನ್ನೊಂದು ಪ್ರೋಗ್ರಾಮ್ ಮುಗಿಸಿ ಇಲ್ಲಿ ಮೆಟ್ಟಿಲ ಹತ್ರ ಇಳಿಸಿ ಹೋದ್ರು, ಋಷಿಕೇಶನಿಗೆ ಬೆನ್ನು ನೋವು, ನಂಗೆ ಮೊದ್ಲೇ ಮಂಡಿ ಸರಿ ಇಲ್ಲ. ಎರಡೇ ಮಹಡಿ. ಎದ್ದಿದ್ದಂತೂ ಆಯ್ತು, ಭಾರದ ಕಡೆ ನೀವು ಹಿಡ್ಕೊಳ್ಳಿ. ನಾನು ಮುಂದೆ ಹೋಗ್ತಾ ಕೈಸನ್ನೆ ಮಾಡ್ತೀನಿ.